ಬೆಳ್ಯಪ್ಪಣ್ಣ ನಡೆದ ಒಂದು ನಿಮಿಷ

ಮೊಮ್ಮಗಳು ಜಪಾನಿಗೆ ಹೊರಟಿದ್ದಾಳೆ. ಅವಳ ಕಾಲೇಜಿನಿಂದ ಇಪ್ಪತ್ತು ಮಕ್ಕಳನ್ನು ಹತ್ತು ದಿನದ ಅಧ್ಯಯನ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾರಂತೆ. ವಿಡಿಯೋ ಗೇಮ್ ಮಾಡುವ ಕಂಪನಿಗಳು, ಅನಿಮೇಷನ್ ಸ್ಟುಡಿಯೋಗಳು, ಅಲ್ಲಿ ಚಿತ್ರ ಬರೆಯುವವರ ಪಕ್ಕದಲ್ಲೇ ಕೂತು ನೋಡುವ ಅವಕಾಶ. ಪಟ್ಟಿಯನ್ನೆಲ್ಲ ಫೋನಿನಲ್ಲಿ ತೋರಿಸಿ, "ತಾತ, ನೀವೂ ಸ್ಟೂಡೆಂಟ್ ಆಗಿದ್ದಾಗ ಹೋಗಿದ್ರಂತೆ. ಅಪ್ಪ ಹೇಳಿದ್ರು. ಒಂದಾದ್ರೂ ಫೋಟೋ ಇಲ್ವಾ?" ಎಂದು ಬೆನ್ನು ಬಿದ್ದಳು. ಇಲ್ಲ ಎಂದರೆ ಬಿಡುವ ಹುಡುಗಿಯಲ್ಲ. ಪೊನ್ನಂಪೇಟೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟರಾಗಿ ಮಕ್ಕಳಿಂದ ಹೂಜಿ, ಬಾಳೆಗೊನೆ, ಸೂರ್ಯೋದಯ ಬರೆಸಿ ಬರೆಸಿ ಸವೆದವನು ಒಂದು ಕಾಲದಲ್ಲಿ ಟೋಕಿಯೋದ ಸ್ಟುಡಿಯೋದಲ್ಲಿ ಕೂತಿದ್ದ ಎಂದರೆ ನನಗೇ ನಂಬಿಕೆ ಬರುವುದಿಲ್ಲ.

ಮಂಚದಡಿಯ ಟ್ರಂಕನ್ನು ಎಳೆದು ಮುಚ್ಚಳ ತೆಗೆದೆ. ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅಡುಗೆಗೆ ಹುಳಿ ಹಾಕುವ ಕಾಚಂಪುಳಿ ಬಾಟಲಿ ಒಡೆದಿದೆ ಎಂದುಕೊಂಡು ಸೊಸೆಯ ಮೇಲೆ ರೇಗಿದೆ. ಅವಳು ಬಾಗಿಲಲ್ಲೇ ನಿಂತು, "ಟ್ರಂಕಿನಲ್ಲಿ ಯಾರು ಮಾವ ಕಾಚಂಪುಳಿ ಇಡ್ತಾರೆ?" ಎಂದು ನಕ್ಕು ಹೋದಳು. ವಾಸನೆ ಬರುತ್ತಿದ್ದುದು ಅಂಗೈಯಗಲದ ಒಂದು ತಗಡಿನ ಡಬ್ಬಿಯಿಂದ. ಒಳಗೆ ಸುರುಳಿ ಫಿಲ್ಮು ಒಂದಕ್ಕೊಂದು ಅಂಟಿಕೊಂಡು, ಅಂಚು ಸುಕ್ಕಾಗಿತ್ತು. ಹಳೆಯ ಫಿಲ್ಮು ಕೆಡುವಾಗ ಹೀಗೇ ಹುಳಿ ನಾರುತ್ತದೆ ಎಂದು ಮೊಮ್ಮಗಳು ಹೇಳಿದಳು. ಅವಳಿಗೆ ಅದೆಲ್ಲ ಗೊತ್ತು.

"ಇದು ಯಾರದ್ದು ತಾತ?"

"ನನ್ನ ಅಣ್ಣಂದು."

"ಅವರೂ ಜಪಾನಿಗೆ ಬಂದಿದ್ರಾ?"

ನಾಳೆ ಹೇಳುತ್ತೇನೆ ಎಂದೆ. ನಾಲ್ಕು ದಿನವಾಯಿತು, ಹೇಳಿಲ್ಲ. ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದೇ ಸುಲಭ ಎಂದು ಇದನ್ನು ಹಿಡಿದುಕೊಂಡು ಕೂತಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಆರೇಳು ವರ್ಷವಾಗಿತ್ತು. ನಮ್ಮ ಕಡೆಯ ಹಿರಿಯರು ತಹಶೀಲ್ದಾರರನ್ನು ಇನ್ನೂ ಸುಬೇದಾರರೆಂದೇ ಕರೆಯುತ್ತಿದ್ದರು. ಮೊದಲಾದರೆ ಮಡಿಕೇರಿಗೆ ಹೋಗಿ ಸಂಜೆಯೊಳಗೆ ಮುಗಿಸಿ ಬರುವ ಕೆಲಸಕ್ಕೂ ಈಗ ಬೆಂಗಳೂರಿಗೆ ಕಾಗದ ಹಾಕಿ ಕಾಯಬೇಕು ಎಂದು ಗೊಣಗುತ್ತಿದ್ದರು. ನಮ್ಮ ಮನೆ ಮಾದಾಪುರದಿಂದ ಎರಡು ಮೈಲಿ ದೂರದಲ್ಲಿ, ಹೊಳೆಯಾಚೆ. ಸ್ವಲ್ಪ ಗದ್ದೆ, ಅದಕ್ಕಿಂತ ಸ್ವಲ್ಪ ಕಾಫಿ. ನನಗೆ ಏಳು ವರ್ಷವಾಗಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಮನೆಯಲ್ಲಿ ಇದ್ದುದು ಅವ್ವ, ಅಣ್ಣ ಬೆಳ್ಯಪ್ಪ ಮತ್ತು ನಾನು. ಅಣ್ಣ ಹತ್ತಿರದ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಲೈನಿನ ಆಳುಗಳ ಹಾಜರಿ ಹಿಡಿದು, ದಿನವಿಡೀ ತೋಟದಲ್ಲಿ ತಿರುಗಿ, ಕತ್ತಲಾಗುವ ಮೊದಲು ಮನೆಗೆ ಬರುತ್ತಿದ್ದ. ನನ್ನನ್ನು ಮೈಸೂರಿನ ಚಿತ್ರಕಲಾ ಶಾಲೆಗೆ ಸೇರಿಸಿದವನೂ ಅವನೇ. "ಗದ್ದೆಗೆ ಇಳಿಸಿದ್ರೆ ಅಂವ ಎತ್ತಿನ ಚಿತ್ರ ಬರ್ದ್ ಕೂರ್ದು, ಉಳುದುಲೆ" ಎಂದು, ಉಳುವುದಿಲ್ಲ ಎಂದು, ನನ್ನನ್ನು ಗೇಲಿ ಮಾಡುತ್ತಲೇ ಖರ್ಚಿಗೆ ಕಳಿಸುತ್ತಿದ್ದ.

ಅವನ ನಡಿಗೆಯ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ಎಡಗೈಯಲ್ಲಿ ಕೊಡೆ, ಬಲಗೈ ಬೀಸು ದೊಡ್ಡದು, ತಲೆ ಸ್ವಲ್ಪ ಮುಂದಕ್ಕೆ. ಏಳೆಂಟು ಹೆಜ್ಜೆಗೊಮ್ಮೆ ಎಡಗಾಲನ್ನು ಪಕ್ಕಕ್ಕೆ ಝಾಡಿಸುತ್ತಿದ್ದ. ಮಳೆಗಾಲದಲ್ಲಿ ಜಿಗಣೆ ಕೊಡವಲು ಶುರುವಾದ ಅಭ್ಯಾಸ ಬೇಸಗೆಯಲ್ಲೂ ಬಿಡಲಿಲ್ಲ. ತೋಟದ ತಿರುವಿನಲ್ಲಿ ಅವನ ಮುಖ ಕಾಣುವ ಮೊದಲೇ ಆ ಕಾಲು ಝಾಡಿಸುವುದರಿಂದ ಅಣ್ಣ ಬಂದ ಎಂದು ನಮಗೆ ಗೊತ್ತಾಗುತ್ತಿತ್ತು.

ಆ ವರ್ಷ ಜಪಾನಿನ ಒಂದು ಸ್ನೇಹ ಸಂಘ ನಮ್ಮ ದೇಶದಿಂದ ಒಂಬತ್ತು ಕಲಾ ವಿದ್ಯಾರ್ಥಿಗಳನ್ನು ಕರೆಸಿಕೊಂಡು ಅಲ್ಲಿನ ಕಾರ್ಟೂನ್ ಚಿತ್ರಗಳ ಸ್ಟುಡಿಯೋ ತೋರಿಸುವುದೆಂದು ಗೊತ್ತಾಯಿತು. ನಮ್ಮ ಶಾಲೆಯಿಂದ ನನ್ನ ಹೆಸರು ಹೋಯಿತು. ಆಯ್ಕೆಯೂ ಆಯಿತು. ಪಾಸ್‌ಪೋರ್ಟಿನ ಅರ್ಜಿ ಒಂದು ಶನಿವಾರದೊಳಗೆ ಬೆಂಗಳೂರು ಸೇರಬೇಕಿತ್ತು. ನಾನು ಮಳೆಗಾಲದ ರಜೆಗೆ ಮನೆಗೆ ಬಂದವನು ಜ್ವರ ಹಿಡಿದು ಮಲಗಿದ್ದೆ. ಆಟಿ ತಿಂಗಳು. ಮೂರು ದಿನದಿಂದ ಮಳೆ ಒಂದು ಗಳಿಗೆಯೂ ನಿಂತಿರಲಿಲ್ಲ. ಹೊಳೆ ದಾಟಲು ಇದ್ದುದು ಎರಡು ದಿಮ್ಮಿ ಜೋಡಿಸಿದ ಮರದ ಸೇತುವೆ, ನಮ್ಮ ಮಾತಿನಲ್ಲಿ ಪಾಲ.

"ಇಂದ್‌ನ ಟಪಾಲ್ ತಪ್ಪಿರೆ ಮುಗ್ತ್ ಅಣ್ಣ" ಎಂದೆ.

"ಹೊಳೆ ನೋಡಿಯಾ? ನೀರ್ ಪಾಲದ ಮೇಲೆನೇ ಹೋಗ್ತಾ ಉಟ್ಟು. ನಾಳೆ ನೋಡೊಣ."

"ನಾಳೆ ಹಾಕಿರೆ ಶನಿವಾರಕ್ಕೆ ಮುಟ್ಟುದುಲೆ."

ನಾನು ಗೋಡೆಯ ಕಡೆಗೆ ತಿರುಗಿ ಕಂಬಳಿ ಎಳೆದುಕೊಂಡೆ. ಇಪ್ಪತ್ತು ವರ್ಷದ ಕತ್ತೆ, ಐದು ವರ್ಷದ ಮಗುವಿನಂತೆ ಮುನಿಸಿಕೊಂಡು ಮಲಗಿದೆ. ಹಾಗೇ ನಿದ್ದೆ ಬಂತು. ಕಣ್ಣು ಬಿಟ್ಟಾಗ ಮೂಲೆಯಲ್ಲಿದ್ದ ಕೊಡೆ ಇರಲಿಲ್ಲ, ಮೇಜಿನ ಮೇಲಿದ್ದ ಲಕೋಟೆಯೂ ಇರಲಿಲ್ಲ. ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಮಧ್ಯಾಹ್ನ ಮೂರೂವರೆಗೆ ಬೆಳ್ಯಪ್ಪ ಬಂದು ಲಕೋಟೆ ತೂಗಿಸಿ, ಮುದ್ರೆ ಬೀಳುವವರೆಗೂ ನಿಂತು ನೋಡಿಕೊಂಡು ಹೋದ ಎಂದು ಪೋಸ್ಟ್ ಮಾಸ್ಟರು ಆಮೇಲೆ ಹೇಳಿದರು. ಅವನು ಹೊಳೆಯ ಹತ್ತಿರ ಬರುವ ಹೊತ್ತಿಗೆ ಪಾಲ ಇತ್ತೋ ಇರಲಿಲ್ಲವೋ ಯಾರಿಗೂ ಗೊತ್ತಿಲ್ಲ. ಮಾರನೆಯ ದಿನ ಕೆಳಗಿನ ತಿರುವಿನಲ್ಲಿ, ಬಿದಿರಿನ ಮೆಳೆಗೆ ಸಿಕ್ಕಿಕೊಂಡ ಕೊಡೆ ಸಿಕ್ಕಿತು. ಎಸ್ಟೇಟಿನ ಜನವೆಲ್ಲ ಏಳು ದಿನ ಹೊಳೆಯ ದಡ ಹಿಡಿದು ಹುಡುಕಿದರು. ಅಣ್ಣ ಸಿಗಲಿಲ್ಲ. ಅರ್ಜಿ ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಬೆಂಗಳೂರು ಸೇರಿತ್ತು.

ಮುಂದಿನ ಕಾರ್ಯಗಳ ಮಾತು ತೆಗೆದವನು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಅವ್ವ ಅವನ ಮುಖ ನೋಡಿ, "ಹೆಣ ತೋರ್ಸಿ. ಮತ್ತೆ ಅಂವ ಸತ್ತ ಹೇಳಿ" ಎಂದಳು. ಅವಳು ಅಳಲೂ ಇಲ್ಲ. ಹೊಳೆ ಎಲ್ಲೋ ಎಸೆದಿರುತ್ತದೆ, ಪೆಟ್ಟು ಬಿದ್ದು ಯಾರದೋ ಮನೆಯಲ್ಲಿ ಮಲಗಿರುತ್ತಾನೆ, ಎದ್ದು ನಡೆಯಲಾದ ದಿನ ಬರುತ್ತಾನೆ ಎನ್ನುವುದು ಅವಳ ಲೆಕ್ಕ. ಎರಡು ಹೊತ್ತೂ ಅವನ ತಟ್ಟೆ ಇಡುತ್ತಿದ್ದಳು. ಪಾಸ್‌ಪೋರ್ಟು ಬಂದಾಗ ನಾನು ಹೋಗುವುದಿಲ್ಲ ಎಂದೆ. "ಹೋಗ್. ಅಂವ ಹಾಕಿದ ಕಾಗದ ಅದ್" ಎಂದು ನನ್ನ ಪೆಟ್ಟಿಗೆಯನ್ನು ಅವಳೇ ಕಟ್ಟಿದಳು.

ಮದ್ರಾಸಿನಿಂದ ಹಡಗು. ವಾರಗಟ್ಟಲೆ ನೀರು ಮಾತ್ರ. ಉಳಿದ ಎಂಟು ಮಂದಿಗೆ ಸಮುದ್ರ ಮೋಜು. ನಾನು ಡೆಕ್ಕಿನ ಕಡೆಗೆ ತಲೆ ಹಾಕಲಿಲ್ಲ. ಕಂಬಿ ಹಿಡಿದು ಕೆಳಗೆ ನೋಡಿದರೆ ನೀರಿನಲ್ಲಿ ಏನು ಕಂಡೀತೋ ಎಂಬ ಭಯವಿತ್ತು.

ಟೋಕಿಯೋದ ಹೊರವಲಯದಲ್ಲಿದ್ದ ಆ ಸ್ಟುಡಿಯೋ ಎರಡಂತಸ್ತಿನ ಮರದ ಕಟ್ಟಡ. ದೊಡ್ಡ ಯಂತ್ರಗಳನ್ನು ನಿರೀಕ್ಷಿಸಿ ಹೋದ ನಮಗೆ ಕಂಡದ್ದು ಸಾಲು ಸಾಲು ಮೇಜು. ಪ್ರತಿ ಮೇಜಿನ ನಡುವೆ ಒಂದು ಗಾಜು, ಅದರ ಕೆಳಗೆ ದೀಪ. ಗಾಜಿನ ಮೇಲೆ ತೆಳ್ಳನೆಯ ಕಾಗದ ಇಟ್ಟರೆ ಅಡಿಯ ಕಾಗದದ ಗೆರೆ ಮೇಲೆ ಕಾಣುತ್ತದೆ. ಅದನ್ನು ನೋಡಿಕೊಂಡು ಕೂದಲೆಳೆಯಷ್ಟು ಸರಿಸಿ ಮುಂದಿನ ಚಿತ್ರ. ಕಣ್ಣಿನೆದುರು ಒಂದು ಸೆಕೆಂಡು ಹಾಯುವುದಕ್ಕೆ ಇಪ್ಪತ್ತನಾಲ್ಕು ಚಿತ್ರ. ಮೇಲಂತಸ್ತಿನಲ್ಲಿ ಬಿಳಿ ಕೈಗವಸು ತೊಟ್ಟ ಹೆಂಗಸರು ಪಾರದರ್ಶಕ ಹಾಳೆಗಳಿಗೆ ಬಣ್ಣ ತುಂಬುತ್ತಿದ್ದರು. ನಲವತ್ತು ಜನ ಕೂತ ಕೋಣೆಯಲ್ಲಿ ಪೆನ್ಸಿಲಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ನನಗೆ ನಮ್ಮೂರಿನ ಕಾಫಿ ಆರಿಸುವ ಕೊಟ್ಟಿಗೆ ನೆನಪಾಯಿತು, ಅಲ್ಲಿ ಹೆಂಗಸರು ಮಾತಾಡುತ್ತಾರೆ ಅಷ್ಟೇ ವ್ಯತ್ಯಾಸ.

ಒಂದು ದಿನ ಆಟದ ಯಂತ್ರ ಮಾಡುವ ಕಾರ್ಖಾನೆಗೂ ಕರೆದುಕೊಂಡು ಹೋದರು. ದೊಡ್ಡ ಅಂಗಡಿಗಳ ತಾರಸಿಯಲ್ಲಿ ಇಡುವ ಯಂತ್ರಗಳು ಅವು. ನಾಣ್ಯ ಹಾಕಿದರೆ ಗಾಜಿನ ಹಿಂದೆ ತಗಡಿನ ಕರಡಿ ನಡೆದು ಬರುತ್ತದೆ, ಕೋವಿಯಿಂದ ಬೆಳಕು ಬಿಟ್ಟು ಹೊಡೆದರೆ ಬೀಳುತ್ತದೆ, ಮತ್ತೆ ನಾಣ್ಯ ಹಾಕಿದರೆ ಎದ್ದು ನಡೆಯುತ್ತದೆ. ಕೊಡಗಿನವನಲ್ಲವೇ, ಕೋವಿ ನಿನಗೆ ಬಿಟ್ಟದ್ದು ಎಂದು ಜೊತೆಯವರು ನನ್ನನ್ನು ಮುಂದಕ್ಕೆ ತಳ್ಳಿದರು. ನಾಲ್ಕು ಸಲ ಬೀಳಿಸಿದೆ. ಐದನೆಯ ಸಲ ಅದು ಎದ್ದು ನಿಂತಾಗ ಕೋವಿ ಕೆಳಗಿಟ್ಟು ಹೊರಗೆ ಬಂದುಬಿಟ್ಟೆ.

ಸ್ಟುಡಿಯೋದಲ್ಲಿ ನಮಗೆ ಕಲಿಸಲು ಇದ್ದವರು ಒಬ್ಬ ಮುದುಕ. ಅವರ ಮೇಜಿನ ಮೇಲೆ ಸದಾ ಒಂದು ಕನ್ನಡಿ ಇರುತ್ತಿದ್ದುದರಿಂದ ನಾವು ಅವರಿಗೆ ಕನ್ನಡಿ ಮೇಷ್ಟರು ಎಂದು ಹೆಸರಿಟ್ಟಿದ್ದೆವು. ಬೆಕ್ಕು ಬರೆಯಬೇಕಾದರೂ ಮೊದಲು ತಾವೇ ಕನ್ನಡಿಯ ಮುಂದೆ ಬೆಕ್ಕಾಗುತ್ತಿದ್ದರು. ಪ್ರವಾಸದ ಕೊನೆಯಲ್ಲಿ ನಮಗೆಲ್ಲ ಒಂದು ಕೆಲಸ ಕೊಟ್ಟರು: ನಿಮ್ಮ ಊರಿನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ನಡೆಸಿ. ಬರೆದದ್ದನ್ನು ನಾವು ಫಿಲ್ಮಿಗೆ ತೆಗೆದುಕೊಡುತ್ತೇವೆ.

ಯಾರನ್ನು ಬರೆಯಬೇಕೆಂದು ನಾನು ಯೋಚಿಸಲೇ ಇಲ್ಲ. ಪೆನ್ಸಿಲು ಹಿಡಿದಾಗ ಕೈ ಆಗಲೇ ಕೊಡೆ ಬರೆಯುತ್ತಿತ್ತು. ಹೆಜ್ಜೆ ಕೂರದಿದ್ದಾಗ ಮೇಷ್ಟರು ನನ್ನನ್ನು ಎಬ್ಬಿಸಿ ಗೋಡೆಯ ಉದ್ದ ಕನ್ನಡಿಯ ಮುಂದೆ ನಿಲ್ಲಿಸಿ, ನಡೆ ಎಂದರು. ಕೊಡೆ ಹಿಡಿದು, ತಲೆ ಮುಂದಕ್ಕೆ ಚಾಚಿ ನಡೆದೆ, ಎಡಗಾಲು ಝಾಡಿಸಿದೆ. ಹಿಂದಿನಿಂದ ಎಲ್ಲರೂ ನಕ್ಕರು. ಕನ್ನಡಿಯಲ್ಲಿ ನಡೆಯುತ್ತಿದ್ದವನು ನಾನಾಗಿರಲಿಲ್ಲ. ಅವನು ನನ್ನನ್ನು ನೋಡುತ್ತಲೂ ಇರಲಿಲ್ಲ, ಮನೆಗೆ ಹೋಗುವ ಅವಸರದಲ್ಲಿದ್ದ.

"ಕಾಲು ಯಾಕೆ ಹಾಗೆ ಒದೆಯುತ್ತಾನೆ?" ಎಂದು ಮೇಷ್ಟರು ದುಭಾಷಿಯ ಮೂಲಕ ಕೇಳಿದರು. ಜಿಗಣೆ ಎಂದು ವಿವರಿಸಿದೆ. ಅವರು ತೊಡೆ ತಟ್ಟಿಕೊಂಡು ನಕ್ಕರು. "ಇದೇ ಬೇಕಾದದ್ದು. ಯಾರು ಇವನು?"

"ನನ್ನ ಅಣ್ಣ."

"ಎಲ್ಲಿದ್ದಾನೆ?"

"ಮನೆಯಲ್ಲಿದ್ದಾನೆ" ಎಂದೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಅವ್ವನ ಮಾತು ನನ್ನ ಬಾಯಲ್ಲಿ ಬಂತು.

"ಹಾಗಾದರೆ ಫಿಲ್ಮು ಅವನಿಗೆ ತೋರಿಸು. ತಮ್ಮ ನಡಿಗೆಯನ್ನು ತಾವೇ ಯಾರೂ ಕಂಡಿರುವುದಿಲ್ಲ. ನಗುತ್ತಾನೆ."

ದಾರಿ, ತೋಟ, ಮನೆ ಬರೆಯಲು ದಿನ ಸಾಲಲಿಲ್ಲ. ಅದು ಬೇಕಾಗಿಯೂ ಇಲ್ಲ ಎಂದರು ಮೇಷ್ಟರು. ನಡೆಯುವವನನ್ನು ಹಾಳೆಯ ನಡುವೆ ಒಂದೇ ಕಡೆ ಇಟ್ಟುಕೊಂಡು, ಬೇಕಾದಾಗ ಹಿಂದಿನ ನೆಲದ ಚಿತ್ರವನ್ನು ಎಳೆಯುವುದು ಅವರ ಪದ್ಧತಿ. ಎಂಟು ಹೆಜ್ಜೆಯ ಚಿತ್ರಗಳನ್ನೇ ಮತ್ತೆ ಮತ್ತೆ ತೆಗೆದರೆ ಎಷ್ಟು ಹೊತ್ತಾದರೂ ನಡೆಸಬಹುದು. ನನಗೆ ಒಂದು ನಿಮಿಷ ತೆಗೆದುಕೊಟ್ಟರು. ಖಾಲಿ ಬಿಳಿ ಪರದೆ, ಅದರ ಮೇಲೆ ಕೊಡೆ ಹಿಡಿದು ನಡೆಯುವ ಬೆಳ್ಯಪ್ಪಣ್ಣ. ಉಳಿದ ಖಾಲಿ ಕಾಗದದ ಕಟ್ಟನ್ನೂ ಮೇಷ್ಟರು ನನಗೇ ಕೊಟ್ಟರು.

ನಾನು ಊರು ಸೇರಿದಾಗ ಕಾಫಿ ಹೂ ಬಿಟ್ಟಿತ್ತು. ಅವ್ವ ಇಳಿದುಹೋಗಿದ್ದಳು. ಅಣ್ಣನ ತಟ್ಟೆ ಹಾಗೇ ಇಡುತ್ತಿದ್ದಳು, ಮಾತಿನ ನಡುವೆ ಎದ್ದು ಹೋಗಿ ತಿರುವಿನ ಕಡೆ ನೋಡಿ ಬರುತ್ತಿದ್ದಳು. ಅಣ್ಣನ ಫೋಟೋ ಒಂದೂ ಮನೆಯಲ್ಲಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಅವನು ಇದ್ದಾನೆ ಎಂದು ನನಗೆ ಹೇಳದೆ ಇರಲಾಗಲಿಲ್ಲ. ಅವಳು ನೋಡಲಿ, ಒಮ್ಮೆ ಗಟ್ಟಿಯಾಗಿ ಅತ್ತುಬಿಡಲಿ, ಮನಸ್ಸು ಹಗುರಾದೀತು ಎಂದು ನನ್ನ ಬುದ್ಧಿವಂತಿಕೆ.

ಊರೂರಿಗೆ ಸಿನಿಮಾ ತೋರಿಸುವ ಸರ್ಕಾರದ ಪ್ರಚಾರ ವ್ಯಾನು ಆ ತಿಂಗಳು ಮಾದಾಪುರಕ್ಕೆ ಬಂದಿತ್ತು. ಅದರ ಆಪರೇಟರ್ ಅಬ್ದುಲ್ಲ ಕಾಕ ಅಣ್ಣನ ಪರಿಚಯದವರು. ಸಂಜೆಯ ಪ್ರದರ್ಶನಕ್ಕೆ ಮೊದಲು, ಮಧ್ಯಾಹ್ನವೇ, ಶಾಲೆಯ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದೆವು. ಅವ್ವ ಬೆಂಚಿನ ತುದಿಯಲ್ಲಿ ಕೂತಳು. ದೊಡ್ಡಪ್ಪ ಬಾಗಿಲ ಹತ್ತಿರ ನಿಂತ. ಯಂತ್ರ ಗರಗರ ಎಂದಿತು, ಅಣ್ಣ ಗೋಡೆಯ ಮೇಲೆ ಬಂದ.

"ಅದೇ ಕಾಲ್" ಎಂದಳು ಅವ್ವ. "ಅಯ್ಯೋ, ಅದೇ ಕಾಲ್." ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತು. ಫಿಲ್ಮು ಮುಗಿದಾಗ, "ಪುನ ಹಾಕಿ ಕಾಕ" ಎಂದಳು. ಎರಡನೆಯ ಸಲ ಮುಂದಕ್ಕೆ ಬಾಗಿ ನೋಡಿದಳು. ಮೂರನೆಯ ಸಲ ನಗು ಇರಲಿಲ್ಲ.

"ಅಂವ ಎಲ್ಲಿಗೆ ಹೋದು?"

"ಮನೆಗೆ ಅವ್ವ."

"ಮತ್ತೆ ಮುಟ್ಟುದುಲೆ ಏಕೆ?"

"ಫಿಲಂ ಇಷ್ಟೇ ಉಂಟಮ್ಮ, ಮುಂದಕ್ಕೆ ಇಲ್ಲ" ಎಂದರು ಕಾಕ. ನಾಲ್ಕನೆಯ ಸಲ ಹಾಕಿದರು. ಅಣ್ಣ ನಡೆದ, ಕಾಲು ಝಾಡಿಸಿದ, ನಡೆದ, ಕಾಲು ಝಾಡಿಸಿದ. ಬಿಳಿಯ ಗೋಡೆಯ ಮೇಲೆ ಒಂದು ಗೇಣೂ ಮುಂದೆ ಹೋಗಲಿಲ್ಲ. ಅವ್ವ ಎದ್ದು ನಿಂತು ಬೆಳಕಿಗೆ ಅಡ್ಡ ಬಂದಳು.

"ನಿಲ್ಸಿ. ಅಂವಂಗೆ ಸುಸ್ತಾತ್."

ಹೊರಗೆ ಬಂದ ಮೇಲೆ ದೊಡ್ಡಪ್ಪ ನನ್ನ ಕುತ್ತಿಗೆಪಟ್ಟಿ ಹಿಡಿದೇಬಿಟ್ಟ. ಸತ್ತವರನ್ನು ಎಡೆ ಬಳಸಿ, ಅಂದರೆ ಎಲೆ ಹಾಕಿ ಊಟ ಬಡಿಸಿ, ಹಿರಿಯರ ಜೊತೆ ಸೇರಿಸುವುದು ನಮ್ಮಲ್ಲಿ ಕ್ರಮ. ಹಾಗೆ ಸೇರಿಸುವವರೆಗೆ ಅವರು ದಾರಿಯಲ್ಲೇ ಇರುತ್ತಾರೆ, ನಡೆಯುತ್ತಲೇ ಇರುತ್ತಾರೆ, ಮನೆ ಮುಟ್ಟುವುದಿಲ್ಲ ಎಂಬ ಮಾತು ನಾನು ಚಿಕ್ಕಂದಿನಿಂದ ಕೇಳಿದ್ದೇ. "ದಾರಿಲಿ ಇದ್ದವ್ನ ದಾರಿಲೇ ಕಟ್ಟಿ ಹಾಕ್ದೆಯಲ್ಲ! ಕಲ್ತದ್ದ್ ಇದನ್ನಾ?" ಎಂದ. ಜಪಾನಿನಲ್ಲಿ ಅಷ್ಟು ದಿನ ಗಾಜಿನ ಮೇಲೆ ಬಗ್ಗಿ ಕೂತಿದ್ದಾಗ ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳುವುದೋ ತಿಳಿಯದು. ಮಳೆ ಹಿಡಿಯಿತು. ಹಾಡುಹಗಲಲ್ಲಿ, ಅಕ್ಕಿ ಆರಿಸುತ್ತಾ ಕೂತ ಅವ್ವ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ನನಗೂ ಕೇಳುತ್ತಿತ್ತು. ಅಂಗಳದ ಕೆಸರಿನಲ್ಲಿ ಹೆಜ್ಜೆ, ಹೆಜ್ಜೆ, ಹೆಜ್ಜೆ, ಆಮೇಲೆ ಕಾಲು ಝಾಡಿಸಿದ ಸದ್ದು. ಹೆಂಚಿನ ನೀರು ಬೀಳುವ ಸದ್ದೇ ಅದು ಎಂದು ಹತ್ತು ಸಲ ಎದ್ದು ನೋಡಿದ್ದೇನೆ. ಎದ್ದು ಹೋದಾಗ ನಿಲ್ಲುತ್ತಿತ್ತು, ಕೂತಾಗ ಮತ್ತೆ ಶುರು. ನಾವಿಬ್ಬರೂ ಅದರ ಬಗ್ಗೆ ಒಬ್ಬರಿಗೊಬ್ಬರು ಒಂದು ಮಾತೂ ಆಡುತ್ತಿರಲಿಲ್ಲ.

ಅಷ್ಟರಲ್ಲಿ ಪೊನ್ನಂಪೇಟೆಯ ಶಾಲೆಯಲ್ಲಿ ನನಗೆ ಕೆಲಸವಾಯಿತು. ಆಟಿ ಮುಗಿಯುವುದರೊಳಗೆ ಹೋಗಿ ಸೇರಬೇಕು. ಅವ್ವನನ್ನು ಕರೆದುಕೊಂಡು ಹೋಗುವುದೆಂದು ನಾನು ನಿಶ್ಚಯಿಸಿದ್ದೆ. ಅವಳು ಬರಲು ತಯಾರಿಲ್ಲ. "ಅಂವ ಬಂದ್ ನೋಡೊತ್ತಿಗೆ ಮನೆಲಿ ಯಾರೂ ಇಲ್ಲೆ ಹೇಳಿರೆ?" ಎನ್ನುತ್ತಿದ್ದಳು. ಅವಳನ್ನು ಆ ಹೆಜ್ಜೆ ಸದ್ದಿನ ಜೊತೆ ಒಬ್ಬಳನ್ನೇ ಬಿಟ್ಟು ಹೋದರೆ ಮುಂದಿನ ಮಳೆಗಾಲಕ್ಕೆ ಅವಳೂ ಇರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ದೊಡ್ಡಪ್ಪ ಎಡೆಗೆ ದಿನ ಗೊತ್ತುಮಾಡಿ ಬಂದ. ಅವ್ವ ಈ ಸಲ ಸಿಟ್ಟು ಮಾಡಲಿಲ್ಲ. ಅವನಿಗೆ ಹೇಳಿದಳು:

"ನಡ್ಕೊಂಡ್ ಇರವಂಗೆ ಎಡೆ ಬಳ್ಸಿಕೆ ಆದುಲೆ. ಕೂತವಂಗೆ ಬಳ್ಸುದು." ಆಮೇಲೆ ನನ್ನ ಕಡೆ ತಿರುಗಿದಳು. "ನೀನೇ ನಡ್ಸಿದ್ದಲ್ಲಾ. ನೀನೇ ಕೂರ್ಸ್."

ಮೇಷ್ಟರು ಕೊಟ್ಟ ಕಾಗದ ತೆಗೆದೆ. ಗಾಜಿನ ಮೇಜು ಎಲ್ಲಿಂದ ತರುವುದು? ಕಿಟಕಿಯ ಗಾಜಿಗೆ ಕಾಗದ ಒತ್ತಿ ಹಿಡಿದು, ಮಳೆಯ ಮಬ್ಬು ಬೆಳಕಿನಲ್ಲಿ ಒಂದರ ಮೇಲೊಂದು ಬರೆಯತೊಡಗಿದೆ. ಹಿಂದೆ ಬಿಳಿ ಬಿಡದೆ ಈ ಸಲ ತಿರುವು ಬರೆದೆ, ಅಂಗಳ ಬರೆದೆ, ಮೆಟ್ಟಿಲು ಬರೆದೆ. ಅಣ್ಣ ಮೆಟ್ಟಿಲವರೆಗೆ ಬಂದ. ಅಲ್ಲಿಗೆ ನನ್ನ ಕೈ ನಿಂತಿತು. ನಾನು ನೋಡಿಟ್ಟುಕೊಂಡಿದ್ದು ಬರುವ ಅಣ್ಣನನ್ನು. ಬಂದ ಮೇಲೆ ಅವನು ಏನು ಮಾಡುತ್ತಿದ್ದ ಎಂದು ನಾನು ಒಂದು ದಿನವೂ ಗಮನವಿಟ್ಟು ನೋಡಿರಲಿಲ್ಲ.

ಅವ್ವನಿಗೆ ಎಲ್ಲ ಗೊತ್ತಿತ್ತು. "ಕೊಡೆನ ಕಂಬಕ್ಕೆ ಒರ್ಗಿಸುದುಲೆ ಅಂವ. ಎರಡ್ ಸಲ ಕೊಡ್ವಿ, ಬುಡ ಮೇಲೆ ಮಾಡಿ ಮೂಲೆಲಿ ಇಡ್ದು." ಬರೆದೆ. "ಕಾಲ್ ತೊಳಿಯೊತ್ತಿಗೆ ಗೋಡೆ ಹಿಡ್ದ್ ನಿಲ್ದು." ಎಲ್ಲಿ ಹಿಡಿಯುತ್ತಿದ್ದ ಎಂದು ಕೇಳಿದ್ದಕ್ಕೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಜಗಲಿಯ ಗೋಡೆ ತೋರಿಸಿದಳು. ನನ್ನ ಭುಜದ ಎತ್ತರಕ್ಕೆ, ಸುಣ್ಣ ಸವೆದು ಮಣ್ಣು ಕಾಣುವ ಒಂದು ಅಂಗೈಯಷ್ಟು ಜಾಗವಿತ್ತು. ದಿನಾ ಹೋಗಿ ಬಂದು ಮಾಡುವ ಮನೆಯಲ್ಲಿ ಅದನ್ನು ನಾನು ಕಂಡಿರಲಿಲ್ಲ. ಅಲ್ಲೇ ನಿಂತು, ಗೋಡೆಗೆ ಹಣೆ ಕೊಟ್ಟು, ಒಂದು ವರ್ಷದ್ದನ್ನೆಲ್ಲ ಅತ್ತೆ. ಅವ್ವ ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಪೆನ್ಸಿಲು ಕೆತ್ತಿ ಇಟ್ಟಳು.

ಒಂಬತ್ತು ದಿನ ಹಿಡಿಯಿತು. ಕೊನೆಯ ಹಾಳೆಗಳಲ್ಲಿ ಅಣ್ಣ ಕಂಬಕ್ಕೆ ಬೆನ್ನು ಕೊಟ್ಟು ಕೂತ, ಎರಡೂ ಕಾಲು ಚಾಚಿದ. ಹಾಳೆಗಳನ್ನು ಜೋಡಿಸಿ ಅಂಚು ಹಿಡಿದು, ಹೆಬ್ಬೆರಳಿನಲ್ಲಿ ಹೇಗೆ ಬಿಡಬೇಕೆಂದು ಅವ್ವನಿಗೆ ತೋರಿಸಿಕೊಟ್ಟೆ. ಅವಳು ಜಗಲಿಗೆ ಬಂದು, ಬೆಳಕಿಗೆ ಹಿಡಿದು, ನಿಧಾನವಾಗಿ ಬಿಟ್ಟಳು. ಅಣ್ಣ ತಿರುವಿನಿಂದ ಬಂದ, ಮೆಟ್ಟಿಲು ಹತ್ತಿದ, ಕೊಡೆ ಇಟ್ಟ, ಕಾಲು ತೊಳೆದ, ಕೂತ. ಇನ್ನೊಮ್ಮೆ ನೋಡು ಎಂದೆ.

"ಬೇಡ" ಎಂದಳು. "ಪುನ ತಿರ್ಗ್ಸಿರೆ ಅಂವ ಎದ್ದ್ ಹೋಕು." ಹಾಳೆಗಳ ಕಟ್ಟಿಗೆ ದಾರ ಸುತ್ತಿ ಗಂಟು ಹಾಕಿ, ಮನೆಗೆ ಬಂದವನಿಗೆ ಎಂಬಂತೆ ನೀರು ಕಾಯಿಸಲು ಎದ್ದಳು.

ಎಡೆಯ ದಿನ ಅಡುಗೆಯೆಲ್ಲ ಅವಳೇ ಮಾಡಿದಳು. ಅಕ್ಕಿ ರೊಟ್ಟಿ, ಕೋಳಿ ಸಾರು, ಬಿದಿರಿನ ಕಣಿಲೆ ಪಲ್ಯ, ಅನ್ನ. ಒಳಗಿನ ಕೋಣೆಯಲ್ಲಿ ಹಿರಿಯರ ಎಲೆಗಳ ಸಾಲಿನ ಕೊನೆಗೆ, ಅಪ್ಪನ ಎಲೆಯ ಪಕ್ಕದಲ್ಲಿ, ಇನ್ನೊಂದು ಎಲೆ ಹಾಕಿ ತಾನೇ ಬಳಸಿದಳು. ಬಳಸಿದ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಅವರು ಉಣ್ಣುವಷ್ಟು ಹೊತ್ತು ಸದ್ದಿಲ್ಲದೆ ಕಾಯಬೇಕು. ದೊಡ್ಡಪ್ಪ ಬಾಗಿಲ ಬಳಿ ನಿಂತ. ಅವ್ವ ಮತ್ತು ನಾನು ಗೋಡೆಗೆ ಒರಗಿ ಕೂತೆವು. ಮಳೆ ಬರುತ್ತಲೇ ಇತ್ತು. ನಾನು ಕಿವಿಗೊಟ್ಟೆ. ಅಂಗಳದಲ್ಲಿ ಹೆಜ್ಜೆ ಕೇಳಲಿಲ್ಲ.

ಅವ್ವ ನನ್ನ ಕಿವಿಯ ಹತ್ತಿರಕ್ಕೆ ಬಾಗಿದಳು. ಅವಳ ದನಿ ನನಗಷ್ಟೇ ಕೇಳುವಂತಿತ್ತು.

"ಅಂದ್ ಅಂವ ನಾಳೆ ಹೋನೆ ಹೇಳಿ ಅಡಿಗೆ ಕೋಣೆಲಿ ಕೂತಿದ್ದ. ನಾನ್ ಹೇಳ್ದೆ, ತಮ್ಮ ಊಟ ಬಿಟ್ಟ್ ಮಲ್ಗಿ ಒಳ, ಮಳೆ ಎಂತ ನಿಂಗೆ ಹೊಸ್ದಾ, ಹೋಗಿ ಹಾಕಿ ಬಾ ಹೇಳಿ. ಕಳ್ಸಿದ್ದ್ ನಾನ್."

ಇಷ್ಟು ತಿಂಗಳು ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಬ್ಬರೂ ಇದೇ ಒಂದನ್ನು ಬೇರೆ ಬೇರೆಯಾಗಿ ಹೊತ್ತುಕೊಂಡು ಕೂತಿದ್ದೆವು. "ಅಲ್ಲ ಅವ್ವ, ಕಳ್ಸಿದ್ದ್ ನಾನ್" ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿದಳು.

"ಮಾತಾಡ್ಬೇಡ. ಉಂಬೊತ್ತಿಗೆ ಮಾತಾಡಿಕೆ ಆಗ."

ದೊಡ್ಡಪ್ಪ ಮೂರು ಸಲ ಕೆಮ್ಮಿ ಬಾಗಿಲು ತೆಗೆದ. ಎಲೆಗಳು ನಾವು ಬಿಟ್ಟು ಬಂದ ಹಾಗೆಯೇ ಇದ್ದವು. ಅವ್ವ ಒಳಗೆ ಹೋಗಿ ಕೊನೆಯ ಎಲೆಯ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಉಂಡೊಳ" ಎಂದಳು. ಉಂಡಿದ್ದಾನೆ.

ಇಟ್ಟ ಎಡೆಯನ್ನು ಮನೆಯವರೇ ಉಣ್ಣಬೇಕು. ಯಾವ ಎಲೆಗೆ ಯಾರು ಎಂದು ಹಿರಿಯಳಾಗಿ ಅವಳು ಹೇಳಬೇಕು. ಅಪ್ಪನ ಎಲೆಗೆ ದೊಡ್ಡಪ್ಪನನ್ನು ಕೂರಿಸಿದಳು. ಆಮೇಲೆ ನನ್ನ ಕೈ ಹಿಡಿದು, "ಈ ಎಲೆಲಿ ನೀ ಕೂತ್ ಉಣ್" ಎಂದಳು.

ಕೂತು ಉಂಡೆ. ಅನ್ನ ಇನ್ನೂ ಬಿಸಿಯಿತ್ತು.